ರೊದಾಂನ 'ದನಾಯಿದ್': ಬೆನ್ನನ್ನು ನೋಡಿ

ಒಗುಸ್ತ್ ರೊದಾಂನ 'ದನಾಯಿದ್' ಶಿಲ್ಪ ನೋಡುವಾಗ ಮುಖ ಹುಡುಕಲು ಹೋಗಬೇಡಿ. ಅದು ತೋಳಿನ ಮರೆಯಲ್ಲಿದೆ. ಈ ಫ್ರೆಂಚ್ ಶಿಲ್ಪಿ ನಮ್ಮ ಮುಂದೆ ಇಟ್ಟಿರುವುದು ಒಂದು ಹೆಣ್ಣಿನ ಬರಿ ಬೆನ್ನನ್ನು.

ಮೊದಲು ಕತೆ. ಗ್ರೀಕ್ ಪುರಾಣದ ರಾಜ ದನಾವುಸ್‌ಗೆ 50 ಹೆಣ್ಣುಮಕ್ಕಳು. 'ದನಾಯಿದ್' ಅಂದರೆ ದನಾವುಸ್‌ನ ಮಗಳು. ಅಪ್ಪನ ಮಾತು ಕೇಳಿ 49 ಮಂದಿ ಮದುವೆಯ ರಾತ್ರಿಯೇ ಗಂಡಂದಿರನ್ನು ಕೊಂದರು. ಪಾತಾಳದಲ್ಲಿ ಅವರಿಗೆ ಸಿಕ್ಕ ಶಿಕ್ಷೆ, ತಳವಿಲ್ಲದ ಪಾತ್ರೆಗೆ ಸದಾಕಾಲ ನೀರು ತುಂಬುತ್ತಲೇ ಇರುವುದು. ಅವರಲ್ಲೊಬ್ಬಳು ಇನ್ನು ಕೈಲಾಗದೆ ಕುಸಿದ ಗಳಿಗೆ ಇದು.

ಮಂಡಿ ಮಡಚಿಕೊಂಡು, ತಲೆಯನ್ನು ನೆಲಕ್ಕೆ ಒಪ್ಪಿಸಿ ಬಿದ್ದಿದ್ದಾಳೆ. ಸೊಂಟದಿಂದ ಕತ್ತಿನವರೆಗೆ ಒಂದೇ ಬಾಗು, ಎಲ್ಲೂ ತಡೆಯಿಲ್ಲ. ಬೆನ್ನುಮೂಳೆಯ ಸಾಲು, ಪಕ್ಕೆಯ ಸಣ್ಣ ಏರಿಳಿತ ಎಲ್ಲವನ್ನೂ ನಯವಾಗಿ ಉಜ್ಜಿದ ಅಮೃತಶಿಲೆಯ ಮೇಲೆ ಬೆಳಕೇ ತೋರಿಸುತ್ತದೆ. ಆ ಬಾಗಿನ ಜೊತೆ ನಿಮ್ಮ ಕಣ್ಣೂ ಇಳಿಯುತ್ತಾ ಹೋಗಲಿ. ಕತ್ತು ದಾಟಿದ ಮೇಲೆ ಕೂದಲು ಮುಂದಕ್ಕೆ ಚೆಲ್ಲಿದೆ. ಅದು ಅವಳ ಕೊಡದಿಂದ ಚೆಲ್ಲಿದ ನೀರಿನಲ್ಲಿ ಬೆರೆತು, ಹಾಗೇ ಬಂಡೆಯೊಳಗೆ ಕರಗುತ್ತದೆ. ಕೂದಲು ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಅಂತ ಬೆರಳಿಟ್ಟು ತೋರಿಸುವುದು ಕಷ್ಟ. ನನಗೆ ಇಡೀ ಶಿಲ್ಪದಲ್ಲಿ ಜಾಸ್ತಿ ಇಷ್ಟವಾದ ಜಾಗ ಇದೇ. ಅವಳ ಸೋಲು ಮುಖದ ಭಾವದಲ್ಲಿಲ್ಲ, ಈ ಇಳಿಜಾರಿನಲ್ಲಿದೆ.

ಸುತ್ತಲಿನ ಕಲ್ಲು ಒರಟಾಗಿದೆ, ಉಳಿಯ ಗುರುತು ಉಳಿದಿದೆ. ಕೆಲಸ ಅರ್ಧಕ್ಕೆ ನಿಂತಿದೆ ಅಂದುಕೊಳ್ಳಬೇಡಿ. ರೊದಾಂ 1876ರಲ್ಲಿ ಇಟಲಿಗೆ ಹೋಗಿ ಮೈಕೆಲಾಂಜೆಲೊನ ಶಿಲ್ಪಗಳನ್ನು ಹತ್ತಿರದಿಂದ ನೋಡಿ ಬಂದವನು. ಕಲ್ಲಿನಿಂದ ಪೂರ್ತಿ ಹೊರಬಾರದ ಮೈಗಳು ಅಲ್ಲಿವೆ. ಒರಟು ಪಕ್ಕದಲ್ಲಿದ್ದಾಗಲೇ ಚರ್ಮದ ನುಣುಪು ಎದ್ದು ಕಾಣುವುದು, ಅಲ್ವಾ?

ಆಕೃತಿ ಹುಟ್ಟಿದ್ದು 1885ರ ಸುಮಾರಿಗೆ, 'ನರಕದ ಬಾಗಿಲು' ಎಂಬ ದೊಡ್ಡ ಕೆಲಸಕ್ಕಾಗಿ. ಕೊನೆಗೆ ಆ ಬಾಗಿಲಿನಲ್ಲಿ ಇದಕ್ಕೆ ಜಾಗ ಸಿಗಲಿಲ್ಲ. 1890ರಲ್ಲಿ ಫ್ರೆಂಚ್ ಸರ್ಕಾರ ಅಮೃತಶಿಲೆಯ ಪ್ರತಿಯನ್ನು ಪ್ಯಾರಿಸ್ಸಿನ ಲಕ್ಸೆಂಬರ್ಗ್ ಮ್ಯೂಸಿಯಂಗಾಗಿ ಕೊಂಡಿತು. ಈಗ ಅದು ಪ್ಯಾರಿಸ್ಸಿನ ರೊದಾಂ ಮ್ಯೂಸಿಯಂನಲ್ಲಿದೆ. ಉದ್ದ 71 ಸೆಂ.ಮೀ. ಅಷ್ಟೆ.

ಪರೀಕ್ಷೆಗೆ ಓದುವವರು ಇನ್ನೊಂದು ವಿಷಯ ಬಿಡಬೇಡಿ. ರೊದಾಂ ಜೇಡಿಮಣ್ಣಿನಲ್ಲಿ ರೂಪ ಕೊಡುತ್ತಿದ್ದ. ಅದರ ಪ್ಲಾಸ್ಟರ್ ಅಚ್ಚಿನಿಂದ ಅಳತೆ ತೆಗೆದು ಕಲ್ಲಿಗೆ ಇಳಿಸುವ ಕೆಲಸ ನುರಿತ ಕೆತ್ತನೆಗಾರರದು. ಈ ಬೆನ್ನನ್ನು ಕೆತ್ತಿದ ಕೈ ಜಾಂ ಎಸ್ಕೂಲನದು. ಉತ್ತರದಲ್ಲಿ 'ರೊದಾಂ ರೂಪಿಸಿದ, ಎಸ್ಕೂಲ ಕೆತ್ತಿದ' ಅಂತಲೇ ಬರೆಯಿರಿ.