ಕಂಪನಿ ದೊಡ್ಡದು, ಅದಕ್ಕೇನಂತೆ?

ಜಾಲತಾಣ ಮಾಡಿಸಲು ಬರುವವರ ಮುಂದೆ ಯಾವ ವೇದಿಕೆಯ, ಅಂದರೆ ತಾಣ ಕಟ್ಟಲು ಬಳಸುವ ತಂತ್ರಾಂಶದ, ಮಾತೆತ್ತಿದರೂ ಮೊದಲ ಪ್ರಶ್ನೆ ಒಂದೇ: "ಅದು ಯಾವ ಕಂಪನಿಯದು ಸಾರ್?" ದೊಡ್ಡ ಹೆಸರು ಹೇಳಿದರೆ ಮುಗಿಯಿತು. ಮನೆತನ ಒಳ್ಳೆಯದೆಂದು ಗೊತ್ತಾದ ಮೇಲೆ ಹುಡುಗನ ವಿಷಯ ಯಾರೂ ವಿಚಾರಿಸುವುದಿಲ್ಲ. ಬಾಯಿ ನೋಯುವಷ್ಟು ಹೇಳಿದ್ದಾಗಿದೆ. ಈಗ ಬರೆದು ನೋಡುತ್ತೇನೆ.

ಕಂಪನಿ ಬಾಳುವುದು ಬೇರೆ, ಅದರ ಒಂದು ಉತ್ಪನ್ನ ಬಾಳುವುದು ಬೇರೆ. ಮೈಕ್ರೋಸಾಫ್ಟ್ 2007ರಲ್ಲಿ, ಬ್ರೌಸರಿನೊಳಗೆ ವಿಡಿಯೊ, ಅನಿಮೇಷನ್ ಓಡಿಸುವ ಸಿಲ್ವರ್‌ಲೈಟ್ ತಂದಿತು. ಐದನೆಯ ಆವೃತ್ತಿ 2011ರ ಡಿಸೆಂಬರಿನಲ್ಲಿ ಬಂತು, ಆರನೆಯದು ಬರಲೇ ಇಲ್ಲ. 2021ರ ಅಕ್ಟೋಬರ್ 12ಕ್ಕೆ ಬೆಂಬಲವೂ, ಅಂದರೆ ದೋಷ ತಿದ್ದಿಕೊಡುವುದೂ, ನಿಂತಿತು. ಅಷ್ಟರಲ್ಲಿ ಮೈಕ್ರೋಸಾಫ್ಟ್ ಬಡವಾಯಿತೇ? ಫೇಸ್‌ಬುಕ್ 2013ರಲ್ಲಿ ಮೊಬೈಲ್ ಆ್ಯಪ್‌ಗಳ ಮಾಹಿತಿಯನ್ನು ಇಟ್ಟುಕೊಳ್ಳುವ ಪಾರ್ಸ್ ಎಂಬ ಸೇವೆಯನ್ನು ಕೊಂಡುಕೊಂಡಿತು. 2016ರ ಜನವರಿಯಲ್ಲಿ, ಇನ್ನೊಂದು ವರ್ಷದಲ್ಲಿ ಮುಚ್ಚುತ್ತೇವೆ, ಜಾಗ ನೋಡಿಕೊಳ್ಳಿ ಎಂದಿತು. ಗೂಗಲ್‌ನ ಆಂಗ್ಯುಲರ್‌ಜೆಎಸ್ ಎಂಬ ಜಾಲತಾಣ ಕಟ್ಟುವ ಸಲಕರಣೆಯನ್ನು ನಂಬಿದವರಿಗೆ 2016ರಲ್ಲಿ ಸಿಕ್ಕ ಮುಂದಿನ ಆವೃತ್ತಿ ಬುಡದಿಂದಲೇ ಬೇರೆ; ಹಳೆಯದರ ಬೆಂಬಲ 2021ರ ಕೊನೆಗೆ ಮುಗಿಯಿತು. ಈ ಮೂರರಲ್ಲಿ ಒಂದು ಕಂಪನಿಯೂ ದಿವಾಳಿಯಾಗಲಿಲ್ಲ. ಹಾಗೆ ನೋಡಿದರೆ ಒಂದು ಬಾಬತ್ತನ್ನು ಕೈಬಿಡುವುದು ದೊಡ್ಡವರಿಗೇ ಸಲೀಸು, ಅವರ ಅನ್ನ ಬೇರೆ ಕಡೆಯಿಂದ ಬರುತ್ತದೆ. ಚಿಕ್ಕವನಿಗೆ ಅದೊಂದೇ ಅನ್ನ. ಆದರೆ ಅವನೇ ಮುಳುಗಿಹೋಗಬಹುದು. ಆದ್ದರಿಂದ ಚಿಕ್ಕವನನ್ನೇ ಹಿಡಿಯಿರಿ ಎಂದೂ ನಾನು ಹೇಳಲಾರೆ.

"ನಮ್ಮ ಫಾಕ್ಸ್‌ಪ್ರೊ ಲೆಕ್ಕದ ಪ್ರೋಗ್ರಾಂ ಇನ್ನೂ ಓಡುತ್ತಿದೆಯಲ್ಲ?" ಎಂದು, ತಯಾರಕರು ಎಂದೋ ಕೈಬಿಟ್ಟ ತಂತ್ರಾಂಶವನ್ನು ತೋರಿಸಿ ವಾದಿಸುವವರಿದ್ದಾರೆ. ಓಡುತ್ತದೆ, ಏಕೆಂದರೆ ಅದು ನಿಮ್ಮ ಮೇಜಿನ ಮೇಲಿನ ಯಂತ್ರದಲ್ಲಿದೆ, ಆ ಯಂತ್ರವನ್ನು ನೀವು ಬದಲಿಸಿಲ್ಲ. ಜಾಲತಾಣ ತೆರೆಯುವುದು ಊರವರ ಬ್ರೌಸರಿನಲ್ಲಿ. ಅದು ನಿಮ್ಮನ್ನು ಕೇಳದೆ ಬದಲಾಗುತ್ತಿರುತ್ತದೆ. ಬ್ರೌಸರಿನಲ್ಲಿ ಅನಿಮೇಷನ್, ಆಟ, ನಮೂನೆಗಳನ್ನು ತೋರಿಸುತ್ತಿದ್ದ ಫ್ಲ್ಯಾಷ್ ನಿಲ್ಲಿಸುವುದಾಗಿ ಅದರ ಒಡೆಯ ಅಡೋಬಿ 2017ರ ಜುಲೈನಲ್ಲೇ ಸಾರಿತ್ತು. 2021ರ ಜನವರಿ 12ರಿಂದ ಪ್ಲೇಯರೇ ಓಡಲು ನಿರಾಕರಿಸಿತು. ದಕ್ಷಿಣ ಆಫ್ರಿಕಾದ ತೆರಿಗೆ ಇಲಾಖೆಯ ಕೆಲವು ನಮೂನೆಗಳು ಆಗಲೂ ಫ್ಲ್ಯಾಷ್‌ನಲ್ಲೇ ಇದ್ದವು. ಅವನ್ನು ತೆರೆಯಲೆಂದೇ ಇಲಾಖೆ ತನ್ನದೇ ಒಂದು ಬ್ರೌಸರ್ ಬಿಡುಗಡೆ ಮಾಡಬೇಕಾಯಿತು. ಮೂರು ವರ್ಷಕ್ಕೂ ಮೀರಿದ ಮುನ್ಸೂಚನೆ ಸಿಕ್ಕಿದ್ದವರ ಕಥೆ ಇದು!

ಯಾರು ಬೇಕಾದರೂ ತಿದ್ದಿ ಬಳಸಬಹುದಾದ ಮುಕ್ತ ತಂತ್ರಾಂಶವಾದರೆ ನಿಶ್ಚಿಂತೆಯೇ? ಅಷ್ಟು ಸುಲಭವಲ್ಲ. ಜಾಲತಾಣ ಕಟ್ಟುವ ಅಂಥದ್ದೇ ತಂತ್ರಾಂಶ ದ್ರುಪಲ್‌ನ 7ನೆಯ ಆವೃತ್ತಿಯ ಬೆಂಬಲದ ಗಡುವನ್ನು ಮತ್ತೆ ಮತ್ತೆ ಮುಂದೂಡಿ ಕೊನೆಗೆ 2025ರ ಜನವರಿ 5ಕ್ಕೆ ನಿಲ್ಲಿಸಿದರು. ಅಲ್ಲಿಂದ ಮುಂದಿನ ಆವೃತ್ತಿಗೆ ಹೋಗುವುದೆಂದರೆ ಬಹುಪಾಲು ಹೊಸದಾಗಿ ಕಟ್ಟಿದಂತೆಯೇ. ಆದರೂ ಅಲ್ಲಿ ದಿನಾಂಕ ಎಲ್ಲರ ಕಣ್ಣೆದುರಿಗಿತ್ತು. ಜಾಲತಾಣಗಳನ್ನು ಬರೆಯುವ ಪಿಎಚ್‌ಪಿ ಭಾಷೆಯವರೂ ಪ್ರತಿ ಆವೃತ್ತಿಯ ಕೊನೆಯ ದಿನವನ್ನು ಮೊದಲೇ ಪ್ರಕಟಿಸುತ್ತಾರೆ. ಬೇರೆಲ್ಲ ಸಮನಾಗಿದ್ದರೆ, ಸಾಯುವ ದಿನ ಹೇಳುವ ವೇದಿಕೆಯನ್ನು ನಾನು ಆರಿಸುತ್ತೇನೆ. ಅದು ಗೊತ್ತಿರುವ ಇನ್ನೊಬ್ಬ ಹುಡುಗ ನಿಮ್ಮ ಜಿಲ್ಲಾ ಕೇಂದ್ರದಲ್ಲಿ ಸಿಗುತ್ತಾನೆಯೇ ಎಂದೂ ನೋಡುತ್ತೇನೆ.

ಅದಕ್ಕಿಂತ ದೊಡ್ಡ ಪ್ರಶ್ನೆ: ನಿಮ್ಮ ಮಾಹಿತಿ ಹೊರಗೆ ಬರುವುದು ಹೇಗೆ? ಮಲೆನಾಡಿನ ಒಂದು ಸಹಕಾರ ಸಂಘದವರು ಮುಚ್ಚಿಹೋಗಲಿದ್ದ ಬಾಡಿಗೆ ವೇದಿಕೆಯೊಂದರಿಂದ ಹೊರಬರಲು ನಮ್ಮಲ್ಲಿಗೆ ಬಂದಿದ್ದರು. ಕಾರ್ಯದರ್ಶಿಗಳು ಬಹಳ ಸಜ್ಜನರು, ಪ್ರತಿ ಸಲವೂ ಚೀಲದಲ್ಲಿ ಬಾಳೆಹಣ್ಣು ತರುತ್ತಿದ್ದರು. "ಮಾಹಿತಿ ಪೂರ್ತಿ ಕೊಟ್ಟಿದ್ದಾರೆ ಸಾರ್" ಎಂದು ಪೆನ್‌ಡ್ರೈವ್ ಇಟ್ಟರು. ತೆರೆದರೆ ಎಲ್ಲವೂ ಪಿಡಿಎಫ್. ಹಟ ಹಿಡಿದು ಕೇಳಿದ ಮೇಲೆ ಕೋಷ್ಟಕ ಬಂತು. ಸದಸ್ಯರ ಹೆಸರುಗಳೆಲ್ಲ ಯೂನಿಕೋಡ್ (ಎಲ್ಲ ಯಂತ್ರಗಳೂ ಒಪ್ಪುವ ಅಕ್ಷರ ಸಂಕೇತ) ಅಲ್ಲದ ಹಳೆಯ ನುಡಿ ಫಾಂಟಿನಲ್ಲಿದ್ದವು. ಆ ಫಾಂಟ್ ಇಲ್ಲದ ಕಡೆ ಬರೀ ರೋಮನ್ ಅಕ್ಷರಗಳ ಗೋಜಲು. ಪರಿವರ್ತಕಕ್ಕೆ ಹಾಕಿದೆವು. ಹಳೆಯ ಸಂಕೇತದಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವ ಕ್ರಮದಲ್ಲೇ, ಅಂದರೆ ಅಕ್ಷರದ ನಂತರ ಕೂರಿಸುತ್ತಾರೆ. ಯೂನಿಕೋಡಿನಲ್ಲಿ ಅದು ಮೊದಲು ಬರಬೇಕು. ಪರಿವರ್ತಕಕ್ಕೆ ಅಷ್ಟು ತಿಳಿಯದೆ 'ಕಾರ್ಯದರ್ಶಿ' ಎಂಬುದು 'ಕಾಯರ್ದಶಿರ್' ಆಗಿತ್ತು. ಅವರು ನಕ್ಕರು. ಸದಸ್ಯರ ಪಟ್ಟಿಯನ್ನು ಕೂತು ತಿದ್ದಿದ ಗುಮಾಸ್ತೆ ನಗಲಿಲ್ಲ.

ಮುಂಗಡ ಕೊಡುವ ಮೊದಲೇ ಮಾದರಿಗೆ ಹತ್ತು ದಾಖಲೆ ತುಂಬಿಸಿ, ಹೊರತೆಗೆದು ಕೊಡಲು ಹೇಳಿ. ಅದನ್ನು ಮಾರಾಟಗಾರನ ಲ್ಯಾಪ್‌ಟಾಪಿನಲ್ಲಲ್ಲ, ನಿಮ್ಮ ಕಚೇರಿಯ ಯಂತ್ರದಲ್ಲಿ, ಲಿಬ್ರೆ ಆಫೀಸಿನಂಥ ಬೇರೆ ತಂತ್ರಾಂಶದಲ್ಲಿ ತೆರೆಯಿರಿ. ಫೋಟೋಗಳು, ಹಳೆಯ ರಸೀದಿಗಳು ಜೊತೆಗೆ ಬಂದವೇ ನೋಡಿ. "ಅದೆಲ್ಲ ಆಮೇಲೆ ಮಾಡಿಕೊಡುತ್ತೇವೆ" ಎಂದರೆ, ಎಷ್ಟು ದಿನದಲ್ಲಿ, ಯಾವ ರೂಪದಲ್ಲಿ, ಯಾರ ಖರ್ಚಿನಲ್ಲಿ ಎಂದು ಕರಾರಿನಲ್ಲಿ ಬರೆಸಿ. ಅದರ ಒಕ್ಕಣೆ ವಕೀಲರ ಕೆಲಸ, ನನ್ನದಲ್ಲ. ಡೊಮೇನ್ ಹೆಸರು, ಅಂದರೆ ತಾಣದ ವಿಳಾಸ, ಸಂಘದ ಹೆಸರಿನಲ್ಲಿದೆಯೋ ಅಥವಾ ಅಂದು ಜಾಲತಾಣ ಮಾಡಿಕೊಟ್ಟ ಅಧ್ಯಕ್ಷರ ಸೋದರಳಿಯನ ಹೆಸರಿನಲ್ಲಿದೆಯೋ, ಅದನ್ನು ನೋಡಲು ಮಾತ್ರ ವಕೀಲರು ಬೇಕಿಲ್ಲ.