ನೇತ್ರಾಣಿಯಲ್ಲಿ ಒಮ್ಮೆ ಮುಳುಗಿದ್ದು ಬೊನೇರ್‌ನಲ್ಲಿ ಲೆಕ್ಕಕ್ಕೆ ಬರುತ್ತದಾ?

ಪ್ರಶ್ನೆ: ನಾವು ಹತ್ತು ಜನ ಗೆಳೆಯರು ಸೇರಿ ಕೆರಿಬಿಯನ್‌ನ ಬೊನೇರ್ ದ್ವೀಪಕ್ಕೆ ಒಂದು ವಾರದ ಸ್ಕೂಬಾ ಟ್ರಿಪ್ ಹಾಕಿಕೊಂಡಿದ್ದೇವೆ. ಆರು ಜನರ ಹತ್ತಿರ ಡೈವಿಂಗ್ ಕಾರ್ಡ್ ಇದೆ. ನಾನು ಎರಡು ವರ್ಷದ ಹಿಂದೆ ನೇತ್ರಾಣಿಯಲ್ಲಿ ಒಮ್ಮೆ ಸ್ಕೂಬಾ ಮಾಡಿದ್ದೇನೆ, ಸರ್ಟಿಫಿಕೇಟೂ ಕೊಟ್ಟಿದ್ದಾರೆ. ಅಷ್ಟು ಸಾಕಾ? ಎಲ್ಲರ ಜೊತೆ ನೀರಿಗಿಳಿಯಬಹುದಾ? ನನ್ನ ಹೆಂಡತಿಗೆ ಈಜೇ ಬರುವುದಿಲ್ಲ. ಅವಳು ವಾರವೆಲ್ಲ ದಡದಲ್ಲಿ ಬ್ಯಾಗು ಕಾಯಬೇಕಾ?

ಉತ್ತರ: ಮೊದಲು ಕಹಿ ಸುದ್ದಿ ಹೇಳಿಬಿಡುತ್ತೇನೆ. ಆ ಸರ್ಟಿಫಿಕೇಟನ್ನು ಗೋಡೆಗೆ ಹಾಕಿಕೊಳ್ಳಬಹುದು, ಬೊನೇರ್‌ನ ಡೈವ್ ಅಂಗಡಿಯ ಕೌಂಟರಿನಲ್ಲಿ ಅದು ನಡೆಯುವುದಿಲ್ಲ. ಮುರುಡೇಶ್ವರದಿಂದ ದೋಣಿ ಹತ್ತಿ, ಹೊಟ್ಟೆ ತೊಳಸುವುದನ್ನು ಹೇಗೋ ತಡೆದುಕೊಂಡು ನೀವು ಮಾಡಿದ್ದು ಟ್ರೈ ಡೈವ್. ಇನ್‌ಸ್ಟ್ರಕ್ಟರ್ ನಿಮ್ಮ ಬೆನ್ನಿನ ಸಿಲಿಂಡರ್ ಹಿಡಿದುಕೊಂಡೇ ಸುತ್ತಿಸಿ ತಂದಿರುತ್ತಾರೆ. ಎಷ್ಟು ಆಳ ಇಳಿಯಬೇಕು, ಗಾಳಿ ಎಷ್ಟು ಉಳಿದಿದೆ, ಯಾವಾಗ ಮೇಲೆ ಬರಬೇಕು ಎಂಬುದನ್ನೆಲ್ಲ ಅವರೇ ನೋಡಿಕೊಂಡಿರುತ್ತಾರೆ. ಬಸ್ಸಿನಲ್ಲಿ ಕೂತು ಆಗುಂಬೆ ಘಾಟಿ ಇಳಿದವರಿಗೆ ಬಸ್ ಓಡಿಸಲು ಬರುತ್ತದಾ? ಹಾಗೇ ಇದೂ.

ಬೊನೇರ್‌ನಲ್ಲಿ ಸ್ಟೀರಿಂಗ್ ನಿಮ್ಮ ಕೈಗೇ ಬರುತ್ತದೆ. ಬೇರೆ ಎಷ್ಟೋ ಕಡೆ ಡೈವಿಂಗ್ ಎಂದರೆ ಬೆಳಿಗ್ಗೆ ಎಂಟಕ್ಕೆ ದೋಣಿ, ಮುಂದೆ ಗೈಡ್, ಹಿಂದೆ ನೀವು. ಇಲ್ಲಿ ಹಾಗಲ್ಲ. ರಿಸಾರ್ಟಿನವರು ಒಂದು ಪಿಕಪ್ ಟ್ರಕ್ಕಿನ ಕೀಲಿ ಕೊಡುತ್ತಾರೆ, ಹಿಂದೆ ಸಿಲಿಂಡರ್ ತುಂಬಿಕೊಂಡು ಹೊರಟರೆ ಆಯಿತು. ರಸ್ತೆ ಪಕ್ಕ ಹಳದಿ ಬಣ್ಣ ಬಳಿದ ಕಲ್ಲುಗಳಿರುತ್ತವೆ, ಒಂದೊಂದರ ಮೇಲೂ ಆ ಜಾಗದ ಹೆಸರು. ಅಲ್ಲಿ ಗಾಡಿ ನಿಲ್ಲಿಸಿ, ಟ್ರಕ್ಕಿನ ಹಿಂಬಾಗಿಲ ಮೇಲೆ ಕೂತು ಸಿಲಿಂಡರ್ ಕಟ್ಟಿಕೊಂಡು, ನಡೆದುಕೊಂಡೇ ಸಮುದ್ರಕ್ಕೆ ಇಳಿಯುವುದು. ಗೈಡ್ ಇಲ್ಲ, ದೋಣಿ ಇಲ್ಲ. ಪಕ್ಕದ ಕ್ಲೈನ್ ಬೊನೇರ್ ಎಂಬ ಜನವಸತಿ ಇಲ್ಲದ ಪುಟ್ಟ ದ್ವೀಪವನ್ನೂ ಸೇರಿಸಿದರೆ ಗುರುತು ಮಾಡಿದ ಡೈವಿಂಗ್ ಜಾಗಗಳು 80ಕ್ಕೂ ಜಾಸ್ತಿ.

ಇದು ಸಾಧ್ಯವಾಗಿರುವುದು ಭೂಗೋಳದ ದಯೆಯಿಂದ. ವೆನೆಜುವೆಲಾ ಕರಾವಳಿಯಿಂದ ಸುಮಾರು 80 ಕಿ.ಮೀ. ದೂರದ ಈ ದ್ವೀಪದಲ್ಲಿ ನದಿಯೇ ಇಲ್ಲ. ಮಳೆಯೂ ಕಡಿಮೆ, ಎಲ್ಲಿ ನೋಡಿದರೂ ಕಳ್ಳಿಗಿಡ. ಮಣ್ಣು ಕೊಚ್ಚಿಕೊಂಡು ಬರುವುದಿಲ್ಲವಾದ್ದರಿಂದ ನೀರು ಕನ್ನಡಿಯಂತೆ ಇರುತ್ತದೆ. ಗಾಳಿ ಬಹುತೇಕ ಯಾವಾಗಲೂ ಪೂರ್ವದಿಂದ ಬೀಸುತ್ತದೆ. ಹಾಗಾಗಿ ಪೂರ್ವದ ದಡದಲ್ಲಿ ಅಲೆ ಬಡಿಯುತ್ತಿದ್ದರೂ ಪಶ್ಚಿಮದ ದಡ ಕೆರೆಯ ಹಾಗೆ ಸುಮ್ಮನಿರುತ್ತದೆ. ಡೈವಿಂಗ್ ಜಾಗಗಳೆಲ್ಲ ಬಹುಪಾಲು ಆ ಕಡೆಯೇ. ಚಂಡಮಾರುತಗಳು ಓಡಾಡುವ ದಾರಿಯಿಂದಲೂ ದ್ವೀಪ ಕೆಳಗಿದೆ. ಇದರ ಮೇಲೆ ಅಲ್ಲಿನ ಜನ ಬೇಗ ಎಚ್ಚೆತ್ತುಕೊಂಡರು. ನೀರೊಳಗೆ ಈಟಿಯಲ್ಲಿ ಮೀನು ಹೊಡೆಯುವುದನ್ನು 1971ರಲ್ಲೇ ನಿಲ್ಲಿಸಿದರು. 1979ರಲ್ಲಿ ದ್ವೀಪದ ಸುತ್ತಲಿನ ಸಮುದ್ರವನ್ನು 60 ಮೀಟರ್ ಆಳದವರೆಗೆ ರಕ್ಷಿತ ಪಾರ್ಕ್ ಮಾಡಿದರು.

ನೀರಿಗಿಳಿಯುವುದು ಹೇಗಿರುತ್ತದೆ ಎಂದು ಒಮ್ಮೆ ಹೇಳುತ್ತೇನೆ. ಕಾಲ ಕೆಳಗೆ ಹವಳದ ಚೂರು, ಮೊನಚು ಕಲ್ಲು. ಗಟ್ಟಿ ಅಡಿಯ ಬೂಟು ಇಲ್ಲದಿದ್ದರೆ ಮೊದಲ ದಿನವೇ ಕಾಲು ಕುಯ್ದುಕೊಳ್ಳುತ್ತೀರಿ. ಇಬ್ಬರು ಕೈ ಹಿಡಿದುಕೊಂಡು, ಬೆನ್ನ ಮೇಲಿನ ಭಾರಕ್ಕೆ ಸ್ವಲ್ಪ ಓಲಾಡುತ್ತಾ, ಸೊಂಟದ ಮಟ್ಟ ಬರುವವರೆಗೆ ನಡೆಯಬೇಕು. ಆಮೇಲೆ ಭಾರ ಹಠಾತ್ತನೆ ಮಾಯ. ಫಿನ್ ಹಾಕಿಕೊಂಡು ಮುಖ ಕೆಳಗೆ ಮಾಡಿದರೆ ಮರಳಿನ ಬಯಲು, ಅಲ್ಲಲ್ಲಿ ಜಿಂಕೆ ಕೊಂಬಿನಂಥ ಹವಳ. ಇನ್ನೂ ಸ್ವಲ್ಪ ಮುಂದೆ, ಸುಮಾರು ಹತ್ತು ಮೀಟರ್ ಆಳದಲ್ಲಿ, ನೆಲ ಇಳಿಜಾರಾಗಿ ನೀಲಿಯೊಳಗೆ ಜಾರಿಹೋಗುತ್ತದೆ. ಅಲ್ಲಿ ಒಂದು ನಿಮಿಷ ಉಸಿರನ್ನಷ್ಟೇ ಕೇಳಿಸಿಕೊಳ್ಳಿ. ಕಟಕಟ ಎಂದು ಚಕ್ಕುಲಿ ಮುರಿದಂಥ ಸದ್ದು ಬರುತ್ತದೆ. ಅದು ಪ್ಯಾರಟ್ ಮೀನು ಹವಳದ ಕಲ್ಲು ಕಡಿದು ಪಾಚಿ ತಿನ್ನುತ್ತಿರುವ ಸದ್ದು. ತಿಂದ ಕಲ್ಲನ್ನು ಅದು ಹಿಂದಿನಿಂದ ಮರಳಾಗಿ ಬಿಡುತ್ತದೆ. ನೀವು ಮಲಗಿ ಫೋಟೊ ತೆಗೆಸಿಕೊಳ್ಳುವ ಬಿಳಿ ಬೀಚಿನಲ್ಲಿ ಅದರ ಪಾಲೂ ಇದೆ.

ಇಷ್ಟೆಲ್ಲ ಗೈಡ್ ಇಲ್ಲದೆ ಮಾಡಬೇಕೆಂದರೆ ಓಪನ್ ವಾಟರ್ ಕೋರ್ಸ್ ಬೇಕೇ ಬೇಕು. ಇದು ಸಾಮಾನ್ಯವಾಗಿ ಮೂರು ನಾಲ್ಕು ದಿನದ ಕೆಲಸ. ಮೂರು ಭಾಗ ಇರುತ್ತದೆ: ಓದು, ಈಜುಕೊಳದ ಅಭ್ಯಾಸ, ಆಮೇಲೆ ಸಮುದ್ರದಲ್ಲಿ ನಾಲ್ಕು ಡೈವ್. ಮುಗಿದ ಮೇಲೆ 18 ಮೀಟರ್‌ವರೆಗೆ ಹೋಗಬಹುದು. ಈಜಿನ ಪರೀಕ್ಷೆಗೆ ಹೆದರಬೇಡಿ. 200 ಮೀಟರ್ ಈಜಬೇಕು, ಆದರೆ ಸಮಯದ ಮಿತಿ ಇಲ್ಲ, ಯಾವ ಶೈಲಿಯಾದರೂ ನಡೆಯುತ್ತದೆ. ಊರ ಬಾವಿಯಲ್ಲಿ ಬೆನ್ನಿಗೆ ಬುರುಡೆ ಕಟ್ಟಿಕೊಂಡು ಕಲಿತ ನಾಯಿ ಈಜಾದರೂ ಸರಿ. ಆಮೇಲೆ ಹತ್ತು ನಿಮಿಷ ತೇಲಬೇಕು, ಅಷ್ಟೆ.

ನನ್ನ ಸಲಹೆ ಏನೆಂದರೆ, ಓದು ಮತ್ತು ಈಜುಕೊಳದ ಭಾಗವನ್ನು ಊರಿನಲ್ಲೇ ಮುಗಿಸಿ, ಸಮುದ್ರದ ನಾಲ್ಕು ಡೈವ್ ಮಾತ್ರ ಬೊನೇರ್‌ಗೆ ಉಳಿಸಿಕೊಳ್ಳಿ. ಇದಕ್ಕೆ ರೆಫರಲ್ ಎನ್ನುತ್ತಾರೆ. ಊರಿನ ಇನ್‌ಸ್ಟ್ರಕ್ಟರ್ ಪೇಪರ್ ಬರೆದು ಕೊಡುತ್ತಾರೆ, ಅಲ್ಲಿನವರು ಮುಂದುವರಿಸುತ್ತಾರೆ. ಇಲ್ಲದಿದ್ದರೆ ಗೆಳೆಯರು ಆಮೆ ನೋಡುತ್ತಿರುವಾಗ ನೀವು ಕ್ಲಾಸ್‌ರೂಮಿನಲ್ಲಿ ವಿಡಿಯೊ ನೋಡುತ್ತಿರುತ್ತೀರಿ. ಎರಡೇ ದಿನದಲ್ಲಿ ಕಾರ್ಡ್ ಸಿಕ್ಕಿದರೆ ಮೂರನೇ ದಿನದಿಂದ ಗುಂಪು ಸೇರಿಕೊಳ್ಳಬಹುದು.

ಇನ್ನು ಯಾರೂ ಮೊದಲೇ ಹೇಳದ ವಿಷಯ. ಕಾರ್ಡ್ ಬಂದ ತಕ್ಷಣ ಎಲ್ಲರ ಜೊತೆ ಸಮಸಮ ಆಗುವುದಿಲ್ಲ. ಗುಂಪಿನ ಡೈವ್ ಎಷ್ಟು ಹೊತ್ತು ನಡೆಯಬೇಕು ಎಂದು ನಿರ್ಧರಿಸುವುದು ಅತಿ ಹೆಚ್ಚು ಗಾಳಿ ಕುಡಿಯುವ ಒಬ್ಬ ಮನುಷ್ಯ. ಅಂದ ಹಾಗೆ, ಸಿಲಿಂಡರಿನಲ್ಲಿ ಇರುವುದು ಆಕ್ಸಿಜನ್ ಅಲ್ಲ, ನಾವು ಉಸಿರಾಡುವ ಇದೇ ಗಾಳಿ, ಒತ್ತಿ ತುಂಬಿದ್ದು. ಈ ಮಾತನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ. ಹತ್ತು ಮೀಟರ್ ಕೆಳಗೆ ಒತ್ತಡ ಎರಡರಷ್ಟು, ಇಪ್ಪತ್ತು ಮೀಟರ್‌ಗೆ ಮೂರರಷ್ಟು. ಅಂದರೆ ಅದೇ ಸಿಲಿಂಡರ್ ಇಪ್ಪತ್ತು ಮೀಟರ್ ಆಳದಲ್ಲಿ ಮೂರು ಪಟ್ಟು ಬೇಗ ಖಾಲಿ. ಹೊಸಬರು ಗಾಬರಿಯಲ್ಲಿ ಕೈ ಬೀಸುತ್ತಾರೆ, ಏದುಸಿರು ಬಿಡುತ್ತಾರೆ, ಇನ್ನೂ ಬೇಗ ಖಾಲಿ.

ನನ್ನ ಮೊದಲ ಗುಂಪು ಪ್ರವಾಸದಲ್ಲಿ ಇದನ್ನು ಅನುಭವಿಸಿದ್ದೇನೆ. 200 ಬಾರ್ (ಸಿಲಿಂಡರಿನ ಒತ್ತಡದ ಅಳತೆ) ತುಂಬಿಸಿಕೊಂಡು ಇಳಿದವನ ಗೇಜು ಅರ್ಧ ಗಂಟೆಗೆ 70 ತೋರಿಸುತ್ತಿತ್ತು. ಜೊತೆಗಾರನದು 120. 50 ಬಾರ್ ಉಳಿಸಿಕೊಂಡು ಮೇಲೆ ಬರಬೇಕಾದ್ದರಿಂದ ನಾನು ಹೆಬ್ಬೆರಳು ಮೇಲೆತ್ತಿ ತೋರಿಸಿದೆ. ನೀರೊಳಗೆ ಅದರ ಅರ್ಥ 'ಸೂಪರ್' ಅಲ್ಲ, 'ಮೇಲೆ ಹೋಗೋಣ' ಎಂದು. ಮಾಸ್ಕಿನ ಹಿಂದೆ ಅವನು ಕಣ್ಣು ತಿರುಗಿಸಿದ್ದು ಇವತ್ತಿಗೂ ನೆನಪಿದೆ. ಸಂಜೆ ಊಟದ ಹೊತ್ತಿಗೆ ನನಗೆ 'ವ್ಯಾಕ್ಯೂಮ್ ಕ್ಲೀನರ್' ಎಂದು ಹೆಸರಿಟ್ಟಾಗಿತ್ತು.

ಆದ್ದರಿಂದ ಹತ್ತು ಜನ ಒಟ್ಟಿಗೆ ಇಳಿಯುವ ಆಸೆ ಬಿಡಿ. ಇಬ್ಬಿಬ್ಬರ ಜೋಡಿ ಮಾಡಿಕೊಳ್ಳಿ, ಅನುಭವದ ಲೆಕ್ಕದಲ್ಲಿ. ಗಂಡ ಹೆಂಡತಿ ಒಂದೇ ಜೋಡಿ ಆಗಬೇಕೆಂದೇನೂ ಇಲ್ಲ. ಆಗದಿದ್ದರೆ ಒಳ್ಳೆಯದು ಎಂದು ನಾನು ಹೇಳಿದರೆ ಬೈಯಬೇಡಿ! ಬೊನೇರ್ ಇಂಥ ಮಿಶ್ರ ಗುಂಪಿಗೆ ಒಗ್ಗುವುದು ಇದೇ ಕಾರಣಕ್ಕೆ. ದೋಣಿ ಕಾಯುವ ಗೊಡವೆ ಇಲ್ಲ. ಯಾರ ಗಾಳಿ ಮುಗಿಯಿತೋ ಅವರು ದಡಕ್ಕೆ ಬಂದು ಟ್ರಕ್ಕಿನ ನೆರಳಿನಲ್ಲಿ ಬಾಳೆಹಣ್ಣು ತಿನ್ನುತ್ತಾ ಕೂರಬಹುದು. ಟ್ರಕ್ಕಿನಲ್ಲಿ ಬಾಳೆಹಣ್ಣು ಬಿಟ್ಟು ಬೇರೇನೂ ಇಡಬೇಡಿ, ಕಿಟಕಿಯನ್ನೂ ತೆರೆದೇ ಬಿಡಿ. ಸಣ್ಣಪುಟ್ಟ ಕಳ್ಳತನ ಇದೆ, ಗಾಜು ಒಡೆಸಿಕೊಳ್ಳುವುದಕ್ಕಿಂತ ಅದೇ ವಾಸಿ.

ಒಂದೇ ಜಾಗದಲ್ಲಿ ಬೇರೆ ಬೇರೆ ಆಳದವರು ಹೊಂದಿಕೊಳ್ಳುವುದಕ್ಕೆ ಹಿಲ್ಮಾ ಹೂಕರ್ ಒಳ್ಳೆಯ ಉದಾಹರಣೆ. ಇದು ಗಾಂಜಾ ಸಾಗಿಸುತ್ತಾ ಸಿಕ್ಕಿಬಿದ್ದ ಸರಕು ಹಡಗು. ಅಧಿಕಾರಿಗಳ ವಶದಲ್ಲಿದ್ದಾಗಲೇ 1984ರ ಸೆಪ್ಟೆಂಬರಿನಲ್ಲಿ ಮುಳುಗಿತು. ಸುಮಾರು 72 ಮೀಟರ್ ಉದ್ದದ ಹಡಗು ಮಗ್ಗುಲಾಗಿ ಮಲಗಿದೆ. ತಳ ಇರುವುದು 30 ಮೀಟರ್ ಆಳದಲ್ಲಿ, ಮುಂದಿನ ಹಂತದ ಅಡ್ವಾನ್ಸ್‌ಡ್ ಕಾರ್ಡಿನವರು ಅಲ್ಲಿಗೆ ಇಳಿಯುತ್ತಾರೆ. ಮೇಲಿನ ಮಗ್ಗುಲು ಹೆಚ್ಚುಕಡಿಮೆ 18 ಮೀಟರ್‌ನಲ್ಲಿ. ಹೊಸ ಕಾರ್ಡಿನ ನೀವು ಅದರ ಮೇಲೆ ತೇಲುತ್ತಾ ಕೆಳಗಿನ ಗೆಳೆಯರ ಗುಳ್ಳೆಗಳು ಮೇಲೇರಿ ಬರುವುದನ್ನು ನೋಡಬಹುದು. ಆದರೆ ಇದನ್ನು ಮೂರನೇ ದಿನಕ್ಕೇ ಹಾಕಿಕೊಳ್ಳಬೇಡಿ. ಮೊದಲು ಸಾಲ್ಟ್ ಪಿಯರ್‌ಗೆ ಹೋಗಿ. ಉಪ್ಪು ತುಂಬುವ ಜೆಟ್ಟಿಯ ಕಂಬಗಳ ನಡುವೆ ಆಳ ಕಡಿಮೆ, ಮೀನು ಜಾಸ್ತಿ. ಹಡಗು ನಿಂತಿದ್ದ ದಿನ ಮಾತ್ರ ಅಲ್ಲಿ ಇಳಿಯುವಂತಿಲ್ಲ.

ಇನ್ನು ನಿಮ್ಮ ಹೆಂಡತಿಯ ವಿಷಯ. ಬ್ಯಾಗು ಕಾಯುವ ಅಗತ್ಯ ಖಂಡಿತ ಇಲ್ಲ. ಈಜು ಬಾರದವರಿಗೆ ಕೋರ್ಸ್ ಆಗುವುದಿಲ್ಲ, ನಿಜ. ಆದರೆ ನೀರಿನ ಭಯ ಇಲ್ಲದಿದ್ದರೆ ಇನ್‌ಸ್ಟ್ರಕ್ಟರ್ ಜೊತೆ ಟ್ರೈ ಡೈವ್ ಮಾಡಬಹುದು, ಹೆಚ್ಚೆಂದರೆ 12 ಮೀಟರ್. ಇಲ್ಲಿ ದೋಣಿಯಿಂದ ಆಳ ನೀರಿಗೆ ಹಾರಬೇಕಿಲ್ಲ, ದಡದಿಂದ ಮೆಲ್ಲಗೆ ನಡೆದು ಇಳಿಯಬಹುದು. ಹೆದರುವವರಿಗೆ ಇದು ದೊಡ್ಡ ವ್ಯತ್ಯಾಸ. ಅದೂ ಬೇಡವೆಂದರೆ ಲೈಫ್ ಜಾಕೆಟ್ ಹಾಕಿಕೊಂಡು ಸ್ನಾರ್ಕೆಲ್, ಅಂದರೆ ನೀರಿನ ಮೇಲೆಯೇ ತೇಲುತ್ತಾ ಕೊಳವೆಯಲ್ಲಿ ಉಸಿರಾಡುತ್ತಾ ಕೆಳಗೆ ನೋಡುವುದು. ಹವಳ ಸೊಂಟದ ಆಳದ ಆಚೆಯೇ ಶುರುವಾಗುವುದರಿಂದ ನೀವು ನೋಡುವ ಅರ್ಧ ಮೀನನ್ನು ಅವರೂ ನೋಡುತ್ತಾರೆ. ಪೂರ್ವ ದಡದ ಲಾಕ್ ಬೇ ಎಂಬಲ್ಲಿ ನೀರು ದೂರದವರೆಗೂ ಸೊಂಟದ ಮಟ್ಟಕ್ಕೇ ಇರುತ್ತದೆ, ಅಲ್ಲಿನ ಕಾಂಡ್ಲಾ ಕಾಡಿನೊಳಗೆ ಕಯಾಕ್‌ನಲ್ಲಿ ಹೋಗಬಹುದು.

ರಾತ್ರಿ ರಿಸಾರ್ಟಿನ ಜೆಟ್ಟಿಯ ತುದಿಯಲ್ಲಿ ಎಲ್ಲರೂ ಕೂರುವ ಹೊತ್ತು ಇನ್ನೊಂದು ಆಟ. ಗೆಳೆಯರು ನೈಟ್ ಡೈವ್‌ಗೆ ಇಳಿದಾಗ ಆಳೆತ್ತರದ ಟಾರ್ಪನ್ ಮೀನುಗಳು ಅವರ ಹಿಂದೆಯೇ ಬರುತ್ತವೆ. ಟಾರ್ಚ್ ಬೆಳಕಿನಲ್ಲಿ ಸಣ್ಣ ಮೀನು ಸಿಕ್ಕಿದರೆ ಬೇಟೆ ಸುಲಭ, ಅಲ್ವಾ? ಜೆಟ್ಟಿಯ ಮೇಲೆ ಕೂತವರಿಗೆ ಕೆಳಗೆ ಓಡಾಡುವ ಬೆಳಕು, ಅದರ ಪಕ್ಕ ಬೆಳ್ಳಿ ತಗಡಿನಂಥ ದೊಡ್ಡ ಮೈ ಫಳಕ್ ಎನ್ನುವುದು ಕಾಣುತ್ತದೆ. ಇದನ್ನು ನೋಡಲು ಈಜೂ ಬರಬೇಕಿಲ್ಲ, ಟಿಕೆಟ್ಟೂ ಬೇಕಿಲ್ಲ.

ಹೊರಡುವ ಮುಂಚೆ ನಾಲ್ಕು ಮಾತು. ಬೊನೇರ್ 2010ರಿಂದ ನೆದರ್ಲೆಂಡ್ಸ್‌ನ ವಿಶೇಷ ಮುನಿಸಿಪಾಲಿಟಿ, ಆದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ನಡೆಯುವ ಶೆಂಗೆನ್ ವಲಯದೊಳಗೆ ಇಲ್ಲ. ಯುರೋಪಿನ ವೀಸಾ ನಿಯಮವೇ ಇಲ್ಲೂ ಎಂದುಕೊಂಡು ಟಿಕೆಟ್ ಮಾಡಬೇಡಿ, ಡಚ್ ರಾಯಭಾರ ಕಚೇರಿಯಲ್ಲಿ ಕೇಳಿಕೊಳ್ಳಿ. ದುಡ್ಡು ಮಾತ್ರ ಯುರೋ ಅಲ್ಲ, ಅಮೆರಿಕನ್ ಡಾಲರ್. ಡೈವಿಂಗ್‌ಗೆ ಮುಂಚೆ ಆರೋಗ್ಯದ ಫಾರ್ಮ್ ತುಂಬಬೇಕು. ಅಸ್ತಮಾ, ಬಿಪಿ, ಹೃದಯದ ತೊಂದರೆ ಇದ್ದರೆ ವೈದ್ಯರ ಸಹಿ ಕೇಳುತ್ತಾರೆ. ಅದನ್ನು ಊರಿನಿಂದಲೇ ಮಾಡಿಸಿ ತನ್ನಿ. ಸುಳ್ಳು ಟಿಕ್ ಮಾತ್ರ ಹಾಕಬೇಡಿ. ನೆಗಡಿಯಾಗಿ ಮೂಗು ಕಟ್ಟಿದ್ದರೂ ಇಳಿಯಬೇಡಿ, ಕಿವಿಯ ಪೊರೆ ಹರಿಯಬಹುದು.

ಸಾವಿರ ಡೈವ್ ಮಾಡಿದವರೂ ಅಲ್ಲಿ ಮೊದಲ ದಿನ ಪಾರ್ಕಿನ ಶುಲ್ಕ ಕಟ್ಟಿ, ನಿಯಮ ಕೇಳಿಸಿಕೊಂಡು, ಎಲ್ಲ ಸರಿಯಿದೆಯಾ ಎಂದು ನೋಡಿಕೊಳ್ಳುವ ಒಂದು ಚೆಕ್ ಡೈವ್ ಮಾಡಲೇಬೇಕು. ಕೈಗೆ ಗ್ಲೌಸ್ ಹಾಕುವಂತಿಲ್ಲ, ಗ್ಲೌಸ್ ಇದ್ದರೆ ಜನ ಹವಳ ಮುಟ್ಟುತ್ತಾರೆ ಎಂದು. 2023ರಲ್ಲಿ ಹವಳಕ್ಕೆ ಒಂದು ಕೆಟ್ಟ ಅಂಟುರೋಗ ಅಲ್ಲಿಗೂ ಬಂತು. ಹಾಗಾಗಿ ಡೈವಿಂಗ್ ಸಾಮಾನು ತೊಳೆಯುವ ವಿಷಯದಲ್ಲಿ ರಿಸಾರ್ಟಿನವರು ಸ್ವಲ್ಪ ಕಟ್ಟುನಿಟ್ಟು, ಬೇಸರ ಮಾಡಿಕೊಳ್ಳಬೇಡಿ. ಉಳಿದಂತೆ 'ಬೊನ್ ಬಿನಿ' ಎಂದು ಬಾಯಿ ತುಂಬ ಕರೆಯುವ ಜನ. ಅಲ್ಲಿನ ಪಾಪಿಯಾಮೆಂಟು ಭಾಷೆಯಲ್ಲಿ ಅದು ಸ್ವಾಗತದ ಮಾತು. ನೀವು 'ಮಾಶಾ ದಾಂಕಿ' ಎಂದು ಥ್ಯಾಂಕ್ಸ್ ಹೇಳಿ ನೋಡಿ, ಎರಡನೇ ದಿನದಿಂದ ನಿಮ್ಮ ಸಿಲಿಂಡರ್ ಎತ್ತಿಕೊಡಲು ಯಾರಾದರೂ ಬಂದೇ ಬರುತ್ತಾರೆ. ಸಸ್ಯಾಹಾರಿಗಳಿದ್ದರೆ ಅಡುಗೆಮನೆ ಇರುವ ರೂಮು ಕೇಳಿ. ಆಡಿನ ಮಾಂಸದ ಸಾರು ಅಲ್ಲಿನ ಹೆಮ್ಮೆ, ನಿಮ್ಮ ಚಟ್ನಿಪುಡಿ ನಿಮ್ಮ ಹೆಮ್ಮೆ.

ಕೊನೆಯ ದಿನ ಡೈವ್ ಇಟ್ಟುಕೊಳ್ಳಬೇಡಿ. ದಿನದಿನವೂ ಮುಳುಗಿದವರು ವಿಮಾನ ಹತ್ತುವ ಮುಂಚೆ ಕನಿಷ್ಠ 18 ಗಂಟೆ ಬಿಡಬೇಕು, ನಾನು 24 ಬಿಡುತ್ತೇನೆ. ಇಲ್ಲದಿದ್ದರೆ ಮೈಯೊಳಗೆ ಕರಗಿ ಉಳಿದ ನೈಟ್ರೋಜನ್, ಸೋಡಾ ಬಾಟಲಿ ತೆಗೆದಂತೆ, ಮೇಲೆ ಹೋದಾಗ ಗುಳ್ಳೆಯಾಗುತ್ತದೆ. ಆ ದಿನ ವೆಟ್‌ಸೂಟುಗಳನ್ನು ಬಿಸಿಲಿಗೆ ಹಾಕಿ, ಟ್ರಕ್ ತೆಗೆದುಕೊಂಡು ದಕ್ಷಿಣದ ಉಪ್ಪಿನ ಗದ್ದೆಗಳ ಕಡೆ ಹೋಗಿ. ನೀರು ಗುಲಾಬಿ ಬಣ್ಣದ್ದು, ಅದರಲ್ಲಿ ನಿಂತ ಫ್ಲೆಮಿಂಗೊ ಕೂಡ. ಹೆಂಡತಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಡೈವರ್‌ಗಳೆಲ್ಲ ಹಿಂದೆ. ರಸ್ತೆಯಲ್ಲಿ ಕತ್ತೆ ಅಡ್ಡ ಬಂದರೆ ಹಾರ್ನ್ ಮಾಡಬೇಡಿ, ಅವು ಹೋಗುವಾಗ ಹೋಗುತ್ತವೆ.