ಡ್ರಿಲ್ ಬೇರೆ, ಸೆಟ್ ಪ್ಲೇ ಬೇರೆ, ಶಿಕ್ಷೆ ಬೇರೆ

ಬೇಸಿಗೆ ಬಂತೆಂದರೆ ಬಳ್ಳಾರಿಯಲ್ಲಿ ಶಿಬಿರಗಳ ಪಾಂಪ್ಲೆಟ್ ವಾಟ್ಸಾಪ್‌ನಲ್ಲಿ ಓಡಾಡಲು ಶುರು. ಈ ಸಲ ಬಂದ ಒಂದು ಬಾಸ್ಕೆಟ್‌ಬಾಲ್ ಶಿಬಿರದ ಪಾಂಪ್ಲೆಟ್‌ನಲ್ಲಿ ‘50 ಡ್ರಿಲ್ ಕಲಿಸಲಾಗುವುದು’ ಎಂದಿತ್ತು. ಕೆಳಗೆ ಪಟ್ಟಿ: ಹಾರ್ನ್ಸ್, ಬಾಕ್ಸ್, ಪಿಕ್ ಅಂಡ್ ರೋಲ್, ಮಿಕನ್, ಝೋನ್ ಡಿಫೆನ್ಸ್, 10 ರೌಂಡ್ ಓಟ, ಇತ್ಯಾದಿ. ಇದರಲ್ಲಿ ಡ್ರಿಲ್ ಎನ್ನಬಹುದಾದದ್ದು ಒಂದೇ ಒಂದು, ಮಿಕನ್. ಉಳಿದದ್ದೆಲ್ಲ ಬೇರೆ ಬೇರೆ ಸರಕು: ಹಾರ್ನ್ಸ್, ಬಾಕ್ಸ್ ಆಟಗಾರರು ನಿಲ್ಲುವ ಆಕಾರ, ಪಿಕ್ ಅಂಡ್ ರೋಲ್ ಇಬ್ಬರ ಕೈಚಳಕ, ಝೋನ್ ಡಿಫೆನ್ಸ್ ಜಾಗ ಹಂಚಿಕೊಂಡು ತಡೆಯುವ ರೀತಿ, ಓಟ ಬರೀ ಶಿಕ್ಷೆ. ಯಾರೋ ಒಬ್ಬರು ಹೀಗೆ ಬರೆದಿದ್ದರೆ ಸುಮ್ನೆ ಇರಬಹುದಿತ್ತು. ಆದರೆ ಈಗ ಕೋಚ್‌ಗಳ ಕಾರ್ಯಾಗಾರದಲ್ಲೂ ಇದೇ ಭಾಷೆ. ಪಾಲಕರೂ ‘ನಮ್ ಹುಡುಗ್ಗ ಎಷ್ಟ್ ಡ್ರಿಲ್ ಹೇಳಿಕೊಟ್ರಿ ಸರ್?’ ಎಂದು ಲೆಕ್ಕ ಕೇಳುತ್ತಾರೆ. ಹಾಗಾಗಿ ಈ ಪದವನ್ನು ಒಮ್ಮೆ ಬಿಡಿಸಿ ನೋಡೋಣ. ಡ್ರಿಬಲ್ ಎಂದರೇನು, ಲೇಅಪ್ ಎಂದರೇನು ಎಂಬುದೆಲ್ಲ ನಿಮಗೆ ಗೊತ್ತೇ ಇದೆ, ಅದನ್ನು ಇಲ್ಲಿ ಹೇಳುವುದಿಲ್ಲ.

ನಮ್ಮ ಕಡೆ ‘ಡ್ರಿಲ್’ ಎಂದರೆ ಎರಡು ನೆನಪಾಗುತ್ತವೆ. ಒಂದು ಶಾಲೆಯ ಡ್ರಿಲ್ ಪೀರಿಯಡ್: ಶಿಳ್ಳೆ, ಸಾಲು, ಒಂದು-ಎರಡು-ಮೂರು-ನಾಲ್ಕು. ಹಿಂದಿನವರು ಪಿ.ಟಿ. ಮಾಸ್ತರರನ್ನು ‘ಡ್ರಿಲ್ ಮಾಸ್ತರ್’ ಎಂದೇ ಕರೆಯುತ್ತಿದ್ದರು. ಇನ್ನೊಂದು, ಕೊಪ್ಪಳ, ರಾಯಚೂರಿನ ಹೊಲಗಳಲ್ಲಿ ರಾತ್ರಿಯಿಡೀ ಗುರ್ ಎನ್ನುತ್ತಾ ಬೋರ್ ಕೊರೆಯುವ ಲಾರಿ. ಈ ಎರಡಕ್ಕೂ ಸಂಬಂಧವಿಲ್ಲ ಎಂದುಕೊಂಡಿರುತ್ತೇವೆ. ಆದರೆ ಎರಡೂ ಒಂದೇ ಪದ. ಡಚ್ ಭಾಷೆಯಲ್ಲಿ ‘ಡ್ರಿಲ್ಲೆನ್’ ಎಂದರೆ ತಿರುಗಿಸು, ತಿರುಗಿಸುತ್ತಾ ಕೊರೆ. 17ನೇ ಶತಮಾನದ ಆರಂಭದಲ್ಲಿ ಅದು ಇಂಗ್ಲಿಷಿಗೆ ಬಂತು. ಮೊದಲು ತೂತು ಕೊರೆಯುವ ಅರ್ಥ, 1620ರ ದಶಕದ ಹೊತ್ತಿಗೆ ಸಿಪಾಯಿಗಳನ್ನು ಪಳಗಿಸುವ ಅರ್ಥ. ಎಡಕ್ಕೆ ತಿರುಗು, ಬಲಕ್ಕೆ ತಿರುಗು ಎಂದು ಅವರನ್ನು ತಿರುಗಿಸುತ್ತಿದ್ದರಲ್ಲ, ಅದಕ್ಕೇ ಈ ಹೆಸರು ಅಂಟಿರಬೇಕು ಎನ್ನುತ್ತಾರೆ ಪದದ ಮೂಲ ಹುಡುಕುವವರು.

ಡಚ್ಚರೇ ಯಾಕೆ? ಆಗ ಅವರು ಸ್ಪೇನಿನ ಮೇಲೆ ಯುದ್ಧದಲ್ಲಿದ್ದರು. ಅವರ ರಾಜಕುಮಾರ ಮಾರಿಸ್ ಸೈನ್ಯವನ್ನು ಹೊಸದಾಗಿ ಕಟ್ಟಿದ. ಆ ಕಾಲದ ಬತ್ತಿ ಬಂದೂಕಿಗೆ ಮದ್ದು, ಗುಂಡು ತುಂಬಿ ಹೊಡೆಯುವುದೆಂದರೆ ದೊಡ್ಡ ಕೆಲಸ. ಗಾಬರಿಯಲ್ಲಿ ಒಂದು ಹೆಜ್ಜೆ ಮರೆತರೂ ಬಂದೂಕು ಹಾರುವುದಿಲ್ಲ, ಇಲ್ಲವೇ ಪಕ್ಕದವನಿಗೆ ಹಾರುತ್ತದೆ. ಅದಕ್ಕೆ ಆ ಕೆಲಸವನ್ನು ಚೂರು ಚೂರು ಮಾಡಿದರು. 1607ರಲ್ಲಿ ಅಚ್ಚಾದ ಒಂದು ಚಿತ್ರದ ಕೈಪಿಡಿಯಲ್ಲಿ ಬಂದೂಕಿನ ಕೆಲಸಕ್ಕೇ 40ಕ್ಕೂ ಹೆಚ್ಚು ಚಿತ್ರಗಳಿವೆ. ಒಂದು ಚಿತ್ರ, ಒಂದು ಭಂಗಿ, ಒಂದು ಹುಕುಂ. ಕೈಗೆ ಹತ್ತುವ ತನಕ ಮಾಡಿಸುವುದು, ಆಮೇಲೆ ಮುಂದಿನ ಚಿತ್ರ.

ಇದರಲ್ಲಿ ಎರಡು ಸಂಗತಿ ಇವೆ. ಒಂದು, ದೊಡ್ಡ ಕೆಲಸವನ್ನು ಒಡೆದು ಒಂದೊಂದೇ ಚೂರನ್ನು ಪಕ್ಕಾ ಮಾಡುವುದು. ಎರಡು, ಎಲ್ಲರೂ ಒಂದೇ ಹೊತ್ತಿಗೆ ಒಂದೇ ಥರ ಮಾಡುವುದು. ಬಾಸ್ಕೆಟ್‌ಬಾಲ್‌ಗೆ ಬೇಕಿರುವುದು ಮೊದಲನೆಯದು ಮಾತ್ರ. ನಾವು ಹಿಡಿದುಕೊಂಡಿರುವುದು ಎರಡನೆಯದನ್ನು. ಗೊಂದಲವೆಲ್ಲ ಇಲ್ಲಿಂದಲೇ.

ನಮ್ಮ ಭಾಷೆಯಲ್ಲಿ ಈ ಎರಡಕ್ಕೂ ಬೇರೆ ಬೇರೆ ಮಾತುಗಳೇ ಇವೆ. ಒಂದು ಕವಾಯತು. ಅರಬ್ಬಿಯಿಂದ ಉರ್ದುವಿಗೆ ಬಂದು ನಮ್ಮಲ್ಲಿಗೆ ಇಳಿದದ್ದು. ಮೂಲದಲ್ಲಿ ‘ನಿಯಮಗಳು’ ಎಂದು ಅರ್ಥ. ಅದರ ಏಕವಚನವೇ ನಮ್ಮ ‘ಕಾಯಿದೆ’. ಅಂದರೆ ಕವಾಯತು ಕಾಯಿದೆಯ ಮಾತು, ಹೇಳಿದ ಹಾಗೆ ಮಾಡು. ಇನ್ನೊಂದು ತಾಲೀಮು. ಅದೂ ಅರಬ್ಬಿಯದೇ, ‘ಕಲಿಸುವುದು’ ಎಂದು ಅರ್ಥ. ರಾಯಚೂರು, ಕೊಪ್ಪಳ 1948ರ ತನಕ ನಿಜಾಮರ ಆಳ್ವಿಕೆಯಲ್ಲಿದ್ದವು, ಕಚೇರಿಯಲ್ಲೂ ಶಾಲೆಯಲ್ಲೂ ಉರ್ದು ನಡೆಯುತ್ತಿತ್ತು. ಹಾಗಾಗಿ ಅಲ್ಲಿನವರಿಗೆ ಇವು ಮನೆಮಾತಿನಂಥವು. ಗರಡಿಮನೆಯಲ್ಲಿ ತಾಲೀಮು, ನಾಟಕಕ್ಕೂ ತಾಲೀಮು. ಗರಡಿಯ ತಾಲೀಮಿನಲ್ಲಿ ಎದುರಿಗೆ ಒಬ್ಬ ಜೋಡಿ ಇರುತ್ತಾನೆ. ಅವನು ಶಿಳ್ಳೆಗೆ ಕಾಯುವುದಿಲ್ಲ. ಬಾಸ್ಕೆಟ್‌ಬಾಲ್ ಡ್ರಿಲ್ ಇದಕ್ಕೆ ಹತ್ತಿರ, ಕವಾಯತಿಗಲ್ಲ.

ಒಳ್ಳೆಯ ಡ್ರಿಲ್ ಹೇಗಿರುತ್ತದೆ ಎಂದು ಕೇಳಿದರೆ ನಾನು ಮಿಕನ್ ಡ್ರಿಲ್ ತೋರಿಸುತ್ತೇನೆ. ಜಾರ್ಜ್ ಮಿಕನ್ 1942ರಲ್ಲಿ ಶಿಕಾಗೋದ ಡಿಪಾಲ್ ವಿಶ್ವವಿದ್ಯಾಲಯಕ್ಕೆ ಸೇರಿದಾಗ 6 ಅಡಿ 10 ಅಂಗುಲದ, ಕನ್ನಡಕ ಹಾಕಿದ, ನಡೆದರೆ ತೊಡರುವ ಹುಡುಗ. ಕೋಚ್ ರೇ ಮೆಯರ್ ಅವನನ್ನು ರಿಂಗಿನ ಕೆಳಗೆ ನಿಲ್ಲಿಸಿದರು. ಬಲಗೈಯಿಂದ ಬಲಗಡೆ ಒಂದು ಲೇಅಪ್, ಬಲೆಯಿಂದ ಬೀಳುವ ಚೆಂಡನ್ನು ನೆಲಕ್ಕೆ ತಾಗಿಸದೆ ಹಿಡಿದು ಎಡಗಡೆಯಿಂದ ಎಡಗೈಯಲ್ಲಿ ಒಂದು. ಮತ್ತೆ ಬಲ, ಮತ್ತೆ ಎಡ. ಚೆಂಡು ಗದ್ದಕ್ಕಿಂತ ಕೆಳಗೆ ಇಳಿಯಬಾರದು, ಡ್ರಿಬಲ್ ಮಾಡಬಾರದು. ಇಷ್ಟೇ. ಜೊತೆಗೆ ಹಗ್ಗ ಜಿಗಿಸಿದರು, ಬಾಕ್ಸಿಂಗ್ ಮಾಡಿಸಿದರು, ಡ್ಯಾನ್ಸ್ ಕೂಡ ಕಲಿಸಿದರು. ಮುಂದೆ ಅದೇ ಹುಡುಗ ಎಷ್ಟು ಬೆಳೆದ ಎಂದರೆ, ಅವನನ್ನು ತಡೆಯಲಾಗದೆ 1951ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ರಿಂಗಿನ ಮುಂದಿನ ಪಟ್ಟಿಯನ್ನೇ 6 ಅಡಿಯಿಂದ 12 ಅಡಿಗೆ ಅಗಲ ಮಾಡಿತು.

ಈ ಡ್ರಿಲ್‌ನಲ್ಲಿ ಏನೇನಿದೆ ನೋಡಿ. ಪಂದ್ಯದಲ್ಲಿ ನಿಜವಾಗಿ ಬರುವ ಒಂದು ಗಳಿಗೆ ಇದೆ: ರಿಂಗಿನ ಕೆಳಗೆ, ಚೆಂಡು ಕೈಯಲ್ಲಿ, ಸುತ್ತ ಕೈಗಳು. ಯಾವ ಹುಡುಗನ ಯಾವ ಕೊರತೆಗೆ ಎಂಬ ಉತ್ತರ ಇದೆ. ಒಂದು ನಿಮಿಷದಲ್ಲಿ ಎಷ್ಟೋ ಸಲ ಆ ಕೆಲಸ ಆಗುತ್ತದೆ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಅದನ್ನು ಡ್ರಿಲ್ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಈಗ ಮೂವರು ಹೆಣೆದುಕೊಂಡು ಓಡುವ ‘ತ್ರೀ ಮ್ಯಾನ್ ವೀವ್’ ತೆಗೆದುಕೊಳ್ಳಿ. ಪಾಸ್ ಕೊಡು, ಪಾಸ್ ಹಿಡಿದವನ ಹಿಂದಿನಿಂದ ಓಡು. ನೋಡಲು ಚೆಂದ. ಶಾಲಾ ವಾರ್ಷಿಕೋತ್ಸವದಲ್ಲಿ ಮಾಡಿಸಿದರೆ ಚಪ್ಪಾಳೆ ಗ್ಯಾರಂಟಿ. ಆದರೆ ಪಂದ್ಯದಲ್ಲಿ ಯಾರಾದರೂ ಹೀಗೆ ಜಡೆ ಹಾಕಿಕೊಂಡು ಓಡಿದ್ದನ್ನು ನೋಡಿದ್ದೀರಾ? ಓಡುತ್ತಾ ಪಾಸ್ ಹಿಡಿಯುವುದು ಬರುತ್ತದೆ ಎನ್ನುತ್ತಾರೆ, ಒಪ್ಪೋಣ. ಆದರೆ ಅದಕ್ಕೆ ಇಬ್ಬರ ಎದುರು ಒಬ್ಬ, ಮೂವರ ಎದುರು ಇಬ್ಬರು ಎಂದು ಆಡಿಸಿದರೆ ಪಾಸೂ ಬರುತ್ತದೆ, ಯಾವಾಗ ಕೊಡಬೇಕು ಎಂಬುದೂ ಬರುತ್ತದೆ. ಬೆಚ್ಚಗಾಗಲು 2 ನಿಮಿಷ ವೀವ್ ಸಾಕು. ಅರ್ಧ ಗಂಟೆ ಮಾಡಿಸುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಸಾಲಿನಲ್ಲಿ ನಿಲ್ಲಿಸುವುದು ಇದಕ್ಕಿಂತ ಕೆಟ್ಟದ್ದು. 20 ಮಕ್ಕಳು, ಒಂದೇ ಸಾಲು, ಒಬ್ಬೊಬ್ಬರಿಗೆ 10 ಸೆಕೆಂಡು ಎಂದುಕೊಳ್ಳಿ. ಒಬ್ಬನ ಪಾಳಿ ಮತ್ತೆ ಬರಲು 200 ಸೆಕೆಂಡು. ಕಾಲು ಗಂಟೆಯಲ್ಲಿ ಒಂದು ಮಗುವಿಗೆ ಸಿಗುವುದು ನಾಲ್ಕೋ ಐದೋ ಅವಕಾಶ. ಉಳಿದ 14 ನಿಮಿಷ ಮುಂದಿನವನ ಅಂಗಿ ಎಳೆಯುವುದೇ ಕೆಲಸ. ಅದೂ ನಮ್ಮ ಬಿಸಿಲಿನಲ್ಲಿ. ಬಳ್ಳಾರಿಯಲ್ಲಿ ಇರುವುದು ಬೇಸಿಗೆ ಮತ್ತು ಕಡುಬೇಸಿಗೆ ಎಂದು ತಮಾಷೆ ಮಾಡುತ್ತಾರಲ್ಲ, ಮೇ ತಿಂಗಳಲ್ಲಿ ಅದು ತಮಾಷೆಯಲ್ಲ. ಬೆಳಗ್ಗೆ 6ಕ್ಕೆ ಶುರು ಮಾಡಿದರೂ 8ರ ಹೊತ್ತಿಗೆ ಸಿಮೆಂಟ್ ಕೋರ್ಟ್ ಕಾಯತೊಡಗುತ್ತದೆ. ಇರುವ ಒಂದೂವರೆ-ಎರಡು ಗಂಟೆಯನ್ನು ಸಾಲಿನಲ್ಲಿ ಕಳೆಯುವುದೇ? ಮಕ್ಕಳಿಗೆ ಇದು ನಮಗಿಂತ ಬೇಗ ಗೊತ್ತಾಗುತ್ತದೆ. ‘ಡ್ರಿಲ್ ಮುಗೀತಲ್ರೀ ಸರ್, ಇನ್ನ ಆಟ ಆಡಸ್ರಿ’ ಎನ್ನುತ್ತಾರೆ. ಡ್ರಿಲ್ ಒಂದು ಕಡೆ, ಆಟ ಇನ್ನೊಂದು ಕಡೆ ಎಂದು ಅವರಿಗೆ ಅನ್ನಿಸಿದೆ ಎಂದರೆ ಡ್ರಿಲ್ ಎಲ್ಲೋ ಕೆಟ್ಟಿದೆ ಎಂದೇ ಲೆಕ್ಕ.

ರಕ್ಷಣೆಗೆ ಶೆಲ್ ಡ್ರಿಲ್ ಇದೆ. ನಾಲ್ವರು ಹೊರಗೆ ಚೆಂಡು ಆಡಿಸುತ್ತಾರೆ, ನಾಲ್ವರು ಒಳಗೆ ತಡೆಯುತ್ತಾರೆ. ಚೆಂಡು ಗಾಳಿಯಲ್ಲಿರುವಾಗಲೇ ನಾಲ್ವರೂ ಜಾಗ ಬದಲಿಸಬೇಕು. ಒಬ್ಬ ಚೆಂಡಿನ ಮೇಲೆ, ಪಕ್ಕದವನು ಪಾಸಿನ ದಾರಿಯಲ್ಲಿ, ದೂರದವರು ರಿಂಗಿನ ಕಡೆ ಸರಿದು ಸಹಾಯಕ್ಕೆ. ತುಂಬಾ ಒಳ್ಳೆಯದು. ಆದರೆ ಹೊರಗಿನ ನಾಲ್ವರು ಸುಮ್ನೆ ಪಾಸ್ ಮಾಡುತ್ತಾ ನಿಂತರೆ ಮತ್ತೆ ಕವಾಯತೇ ಆಗುತ್ತದೆ. ಜಾಗಗಳು ಗೊತ್ತಾದ ಕೂಡಲೇ ‘ಈಗ ನುಗ್ಗಿ’ ಎನ್ನಬೇಕು.

ಶಿಕ್ಷೆಯ ಓಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಡವಾಗಿ ಬಂದವನಿಗೆ 10 ರೌಂಡ್ ಕೊಡುವುದು ಬಿಡುವುದು ನಿಮ್ಮಿಷ್ಟ. ಅದನ್ನು ಡ್ರಿಲ್ ಎನ್ನಬೇಡಿ, ಅಷ್ಟೇ.

ಇನ್ನು ಸೆಟ್ ಪ್ಲೇ. ನಮ್ಮ ಊರುಗಳಲ್ಲಿ ವಾಲಿಬಾಲ್ ಜಾಸ್ತಿ. ‘ಸೆಟ್’ ಎಂದರೆ 25 ಪಾಯಿಂಟಿನ ಸೆಟ್ಟು, ಇಲ್ಲವೇ ಸ್ಮ್ಯಾಶಿಗೆ ಎತ್ತಿಕೊಡುವುದು. ಇಲ್ಲಿ ಅವೆರಡೂ ಅಲ್ಲ. ಐವರು ಎಲ್ಲೆಲ್ಲಿ ನಿಲ್ಲಬೇಕು ಎಂಬ ಏರ್ಪಾಡೇ ಸೆಟ್. ಅಲ್ಲಿಂದ ಯಾರು ಎಲ್ಲಿಗೆ ಓಡಬೇಕು, ಯಾರು ಯಾರಿಗೆ ಅಡ್ಡ ನಿಲ್ಲಬೇಕು, ಶಾಟ್ ಯಾರದು ಎಂದು ಮೊದಲೇ ಮಾತಾಡಿಕೊಂಡದ್ದು ಸೆಟ್ ಪ್ಲೇ. ಹಾರ್ನ್ಸ್ ಎಂದರೆ ಫ್ರೀ ಥ್ರೋ ಗೆರೆಯ ಎರಡು ತುದಿಯಲ್ಲಿ ಇಬ್ಬರು ಎತ್ತರದವರು, ಎರಡು ಮೂಲೆಯಲ್ಲಿ ಇಬ್ಬರು, ಮೇಲೆ ಚೆಂಡು ಹಿಡಿದ ಗಾರ್ಡ್. ಇದು ನಿಲ್ಲುವ ಆಕಾರ ಮಾತ್ರ. ಇದರಿಂದ ಹತ್ತಾರು ಪ್ಲೇ ಹುಟ್ಟುತ್ತವೆ. ‘ಹಾರ್ನ್ಸ್ ಕಲಿಸಿದ್ದೇವೆ’ ಎಂದರೆ ನಿಲ್ಲುವುದನ್ನು ಕಲಿಸಿದ್ದೇವೆ ಎಂದಷ್ಟೇ ಆಯಿತು. ಪಿಕ್ ಅಂಡ್ ರೋಲ್ ಇನ್ನೂ ಚಿಕ್ಕದು. ಒಬ್ಬ ಚೆಂಡು ಹಿಡಿದವನನ್ನು ತಡೆಯುವವನಿಗೆ ಅಡ್ಡ ನಿಂತು, ಆಮೇಲೆ ರಿಂಗಿನ ಕಡೆ ತಿರುಗಿ ಓಡುವ, ಇಬ್ಬರ ನಡುವಿನ ಒಂದು ಕೈಚಳಕ, ಯಾವ ಸೆಟ್‌ನಲ್ಲೂ ಬರಬಹುದು, ಸೆಟ್ ಇಲ್ಲದೆಯೂ ಬರಬಹುದು.

ಸೆಟ್ ಪ್ಲೇ ಯಾಕೆ ಬೇಕು ಎಂಬುದು ಗಡಿಯಾರ ನೋಡಿದರೆ ತಿಳಿಯುತ್ತದೆ. ಫಿಬಾ, ಅಂದರೆ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟದ ನಿಯಮದಲ್ಲಿ ದಾಳಿಗೆ 24 ಸೆಕೆಂಡು. ಅದರಲ್ಲಿ 8 ಸೆಕೆಂಡಿನೊಳಗೆ ಅರ್ಧ ಗೆರೆ ದಾಟಬೇಕು. ಹೊರಗಿನಿಂದ ಚೆಂಡು ಒಳಗೆ ಕೊಡಲು 5 ಸೆಕೆಂಡು. ಟೈಮ್‌ಔಟ್ ಒಂದು ನಿಮಿಷದ್ದು, ಮೊದಲರ್ಧದಲ್ಲಿ 2, ಎರಡನೇ ಅರ್ಧದಲ್ಲಿ 3. ಆ ಒಂದು ನಿಮಿಷದಲ್ಲಿ ಹೊಸದೇನನ್ನೂ ಕಲಿಸಲು ಆಗುವುದಿಲ್ಲ. ಮೊದಲೇ ಗೊತ್ತಿರುವುದರ ಹೆಸರು ಹೇಳಬಹುದು. ಸೆಟ್ ಪ್ಲೇಗೆ ಹೆಸರು ಇಡುವುದೇ ಇದಕ್ಕೆ.

ಇಂಗ್ಲಿಷಿನ ‘ಪ್ಲೇ’ಗೆ ನಾಟಕ ಎಂಬ ಅರ್ಥವೂ ಇದೆ, ರಂಗನಟ ಬಳ್ಳಾರಿ ರಾಘವರ ಊರಿನವರಿಗೆ ಇದನ್ನು ಬೇರೆ ಹೇಳಬೇಕಿಲ್ಲ. ಎದುರಾಳಿಯೇ ಇಲ್ಲದೆ ಐವರನ್ನು ಓಡಿಸಿ ಸೆಟ್ ಪ್ಲೇ ಅಭ್ಯಾಸ ಮಾಡಿಸುತ್ತೇವಲ್ಲ, ಅದು ನಾಟಕದ ತಾಲೀಮು. ಯಾರ ಮಾತಿನ ನಂತರ ಯಾರು ಎಂದು ನೆನಪಾಗಲು ಅದು ಬೇಕು. ಆದರೆ ನಾಟಕದಲ್ಲಿ ಎದುರಿನವನು ಸರಿಯಾದ ಸಮಯಕ್ಕೆ ನಿಮಗೆ ಮಾತು ಕೊಡುತ್ತಾನೆ. ಪಂದ್ಯದಲ್ಲಿ ಎದುರಿನವನ ಕೆಲಸವೇ ನಿಮ್ಮ ಮಾತು ತಪ್ಪಿಸುವುದು. ಮೊದಲ ಪಾಸ್ ತಡೆದ ಕೂಡಲೇ ನಮ್ಮ ಶಾಲಾ ತಂಡಗಳು ನಿಂತುಬಿಡುವುದು ಇದಕ್ಕೇ. ಗಾರ್ಡ್ ಚೆಂಡು ಹಿಡಿದು ಕೋಚ್ ಮುಖ ನೋಡುತ್ತಾನೆ, ಕೋಚ್ ‘ಓಡೋ!’ ಎಂದು ಕೂಗುತ್ತಾರೆ, ಎಲ್ಲಿಗೆ ಎಂದು ಇಬ್ಬರಿಗೂ ಗೊತ್ತಿರುವುದಿಲ್ಲ. 14 ವರ್ಷದೊಳಗಿನ ತಂಡಕ್ಕೆ ರಿಂಗಿನ ಕೆಳಗಿನ ಗೆರೆಯಿಂದ ಒಂದು, ಪಕ್ಕದ ಗೆರೆಯಿಂದ ಒಂದು ಪ್ಲೇ ಇದ್ದರೆ ಧಾರಾಳ ಆಯಿತು. 12 ಪ್ಲೇ ಬರೆದುಕೊಟ್ಟು ಎಡಗೈ ಲೇಅಪ್ ಬಾರದ ಮಕ್ಕಳನ್ನು ಕಣಕ್ಕೆ ಇಳಿಸುವವರಿಗೆ ಏನು ಹೇಳುವುದು!

ನಮ್ಮ ಜಿಲ್ಲೆಯ ತೋರಣಗಲ್ಲಿನಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ 2018ರಿಂದ ಇದೆ. ಕುಸ್ತಿ, ಬಾಕ್ಸಿಂಗ್, ಜೂಡೊ ಎಲ್ಲ ಅಲ್ಲಿ ನಡೆಯುತ್ತವೆ. ಜೂಡೊದವರು ಈ ವಿಷಯದಲ್ಲಿ ಸ್ಪಷ್ಟ. ಜೋಡಿಯ ಮೇಲೆ ಒಂದೇ ಪಟ್ಟಿನ ಹೆಜ್ಜೆಯನ್ನು ಮತ್ತೆ ಮತ್ತೆ ಹಾಕುವುದಕ್ಕೆ ಉಚಿಕೋಮಿ ಎನ್ನುತ್ತಾರೆ, ಬಿಡುಬೀಸಾಗಿ ಸೆಣಸುವುದಕ್ಕೆ ರಾಂಡೋರಿ. ಎರಡನ್ನೂ ‘ಡ್ರಿಲ್’ ಎಂದು ಒಂದೇ ಚೀಲಕ್ಕೆ ತುಂಬುವುದಿಲ್ಲ.

ಕೋಚ್‌ಗಳ ಬೆಳವಣಿಗೆಯ ಮಾತು ಬಂದಾಗಲೂ ಇದೇ ತಪ್ಪು. ಬಿ.ಪಿ.ಎಡ್. ಓದಿದವರು ದೈಹಿಕ ಶಿಕ್ಷಕರು. ಒಂದೇ ಆಟದ ಕೋಚ್ ಆಗುವ ಓದು ಬೇರೆಯೇ ಇದೆ. 1961ರಲ್ಲಿ ಶುರುವಾದ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಇದೆ, 6 ವಾರದ ಸರ್ಟಿಫಿಕೇಟ್ ಕೋರ್ಸ್ ಇದೆ, ಫಿಬಾ ಕಡೆಯಿಂದ ಹಂತ ಹಂತದ ಕೋರ್ಸ್‌ಗಳಿವೆ. ಹೋಗಬೇಕು, ಕಲಿಯಬೇಕು. ಆದರೆ ಹೋಗಿ ಬಂದವರನ್ನು ‘ಏನು ಕಲಿತ್ರಿ?’ ಎಂದು ಕೇಳಿದರೆ ಮೊಬೈಲ್ ತೆಗೆದು 60 ಡ್ರಿಲ್‌ನ ಪಿಡಿಎಫ್ ತೋರಿಸುತ್ತಾರೆ. ಅದು ಯೂಟ್ಯೂಬ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಅಲ್ವಾ? ಕೋಚ್ ಕಲಿಯಬೇಕಾದದ್ದು ನೋಡುವುದನ್ನು. ಹುಡುಗಿಯ ಶಾಟ್ ಬಲಕ್ಕೆ ಹೋಗುತ್ತಿದ್ದರೆ ಮೊಣಕೈ ನೋಡಬೇಕೋ ಪಾದ ನೋಡಬೇಕೋ ಎಂದು ತಿಳಿಯಬೇಕು. ಒಂದು ಸಲಕ್ಕೆ ಒಂದೇ ತಪ್ಪು ತಿದ್ದಬೇಕು. ಡ್ರಿಲ್ ಸತ್ತು ಹೋಗಿದೆ ಎಂದು ಗೊತ್ತಾದಾಗ 5ನೇ ನಿಮಿಷಕ್ಕೇ ನಿಲ್ಲಿಸುವ ಧೈರ್ಯ ಬೇಕು.

ನೋಟ್‌ಬುಕ್ ಇಡುವವರಿಗೆ ಒಂದು ಸಲಹೆ. ಪ್ರತಿ ಡ್ರಿಲ್‌ನ ಮೇಲೆ ‘ಪಂದ್ಯದಲ್ಲಿ ಇದು ಯಾವಾಗ ಬರುತ್ತದೆ?’ ಎಂದು ಬರೆದು ಉತ್ತರ ತುಂಬಿ. ಪ್ರತಿ ಸೆಟ್ ಪ್ಲೇ ಕೆಳಗೆ ‘ಮೊದಲ ಪಾಸ್ ಸಿಗದಿದ್ದರೆ?’ ಎಂದು ಬರೆದು ಉತ್ತರ ತುಂಬಿ. ಉತ್ತರ ಹೊಳೆಯದ ಪುಟಗಳನ್ನು ಹರಿದರೂ ನಷ್ಟವಿಲ್ಲ.